ಆನೆ ಬಂದರೂ ಕೇಳಿಸದಷ್ಟು ಸದ್ದಿನ ಫ್ಯಾನು

ಮಳೆಗಾಲದಲ್ಲಿ ಇದು ಗೊತ್ತೇ ಆಗಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಶೀಟಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಂತೂ ಪಕ್ಕದಲ್ಲಿ ಕೂತವರ ಜೊತೆಯೂ ಕೂಗಿಯೇ ಮಾತಾಡಬೇಕು. ಮಳೆ ನಿಂತ ಮೇಲೆ ನೋಡಿ, ಮೇಜಿನ ಕೆಳಗೆ ಯಾರೋ ಮಿಕ್ಸಿ ಓಡಿಸಿದ ಹಾಗೆ. ನನ್ನ ಕಂಪ್ಯೂಟರಿನ ಫ್ಯಾನು!

ಕೊಡಗಿನ ಸಿದ್ದಾಪುರದ ಕಡೆ ತೋಟದ ಮನೆ ನಮ್ಮದು. ಮದುವೆ, ನಾಮಕರಣದ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ರಾತ್ರಿ ಒಂದು ಗಂಟೆವರೆಗೂ ಕೂತಿರುತ್ತೇನೆ. ಕಳೆದ ವರ್ಷ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಅಂಗಳದ ಕೆಳಗಿನ ಬಾಳೆ ಅಷ್ಟೂ ಮಲಗಿತ್ತು. ಬೇಲಿ ಕಿತ್ತು ಹೋಗಿತ್ತು. ಒದ್ದೆ ಮಣ್ಣಲ್ಲಿ ಮೊರದಗಲದ ಹೆಜ್ಜೆ. ಒಳಗೆ ಮಲಗಿದ್ದ ಅಮ್ಮನಿಗೆ ಸದ್ದು ಕೇಳಿಸಿತ್ತಂತೆ. ಎಚ್ಚರವಾಗೇ ಇದ್ದ ನನಗೆ ಇಲ್ಲ.

"ಆನೆ ಬಂದು ಬಾಳೆ ಮುರಿದ್ರೂ ನಿಂಗೆ ಗೊತ್ತಾಗ್ಲಿಲ್ಲ ಅಂದ್ರೆ, ಆ ಡಬ್ಬ ಎಷ್ಟು ಕೂಗ್ತದೆ ಮಾರಾಯ?" ಅಂದರು ಅಮ್ಮ.

ಪೇಟೆಯಲ್ಲಿ ಒಬ್ಬರಿಗೆ ತೋರಿಸಿದೆ. ಅವರು ಕ್ಯಾಬಿನೆಟ್ ಬಿಚ್ಚಲೇ ಇಲ್ಲ. ದ್ರವ ಹರಿಸಿ ಪ್ರೊಸೆಸರ್ ತಣ್ಣಗಿಡುವ ಲಿಕ್ವಿಡ್ ಕೂಲರ್ ಹಾಕಿಸಿ, ಸದ್ದೇ ಇರಲ್ಲ ಅಂದರು. ಬೆಲೆ ಕೇಳಿ ಹಾಗೇ ಹೊತ್ತುಕೊಂಡು ವಾಪಸ್ ಬಂದೆ. ಆಮೇಲೆ ಗೊತ್ತಾಯಿತು, ಅದರಲ್ಲೂ ರೇಡಿಯೇಟರಿಗೆ ಫ್ಯಾನ್ ಇರುತ್ತದೆ, ಜೊತೆಗೆ ಒಂದು ಪಂಪು ಬೇರೆ.

ಮೊದಲು ಮಾಡಬೇಕಾದದ್ದು ಯಾವ ಫ್ಯಾನ್ ಕೂಗುತ್ತಿದೆ ಅಂತ ಹುಡುಕುವುದು. ಪ್ರೊಸೆಸರ್ ಮೇಲೊಂದು, ಕ್ಯಾಬಿನೆಟ್ ಹಿಂದೊಂದು, ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದೋ ಎರಡೋ, ಪವರ್ ಸಪ್ಲೈ ಒಳಗೆ ಒಂದು. ಹಳೇ ಪೇಪರ್ ಸುರುಳಿ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನಿನ ಹತ್ತಿರ. ಡಾಕ್ಟರ ತರ. ಅಮ್ಮ ನಕ್ಕರು, ಆದರೆ ಕಳ್ಳ ಸಿಕ್ಕಿಬಿದ್ದ. ಪ್ರೊಸೆಸರ್ ಮೇಲಿನದು.

ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಆ ಫ್ಯಾನ್ ಎತ್ತಿದೆ. ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳೇ ಕಾಣುತ್ತಿರಲಿಲ್ಲ. ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಧೂಳು, ನಾಯಿ ಕೂದಲು, ಕಾಫಿ ಹೊಟ್ಟು. ಜನವರಿ, ಫೆಬ್ರವರಿಯಲ್ಲಿ ಕಣದಲ್ಲಿ ಕಾಫಿ ಒಣಗಿಸುವಾಗ ಏಳುವ ಧೂಳೆಲ್ಲ ಕಿಟಕಿಯಿಂದ ಒಳಗೇ ಅಲ್ವಾ. ಮೂಲೆಯಲ್ಲಿ ಹಲ್ಲಿ ಮೊಟ್ಟೆ ಎರಡು. ಪೇಂಟ್ ಬ್ರಷ್‌ನಲ್ಲಿ ಬಿಡಿಸಿ, ಅಂಗಳಕ್ಕೆ ತಂದು ಬ್ಲೋವರ್ ಹಿಡಿದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಸಿಕ್ಕಾಪಟ್ಟೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹಲ್ಲುಗಳ ತುಂಡನ್ನೂ ಎತ್ತಿ ನೋಡಿದರೆ, ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು. ಒರೆಸಿ, ಕರಿಮೆಣಸಿನ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಕೊಡಗಿನವರಿಗೆ ಇದಕ್ಕಿಂತ ಸರಿಯಾದ ಅಳತೆ ಬೇಡ.

ಸದ್ದು ಅರ್ಧ ಇಳಿಯಿತು. ಆದರೆ ಹೊಸ ಕಾಟ ಶುರು. ಬ್ರೌಸರ್ ತೆರೆದರೆ ಸಾಕು, ಫ್ಯಾನ್ ಒಮ್ಮೆ ಜೋರಾಗಿ ಎದ್ದು ಮತ್ತೆ ಮಲಗುತ್ತದೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆಯುತ್ತದೆ. ಹೀಗೆ ಏರಿ ಇಳಿಯುವುದನ್ನು ಮರೆಯುವುದಿಲ್ಲ.

ನನ್ನ ನಿಜವಾದ ತಕರಾರು ಇಲ್ಲಿದೆ. ಮದರ್‌ಬೋರ್ಡ್ ಮಾಡುವವರು ಫ್ಯಾನಿನ ವೇಗವನ್ನು ಎಲ್ಲಾ ಊರಿಗೂ ಆಗುವ ಹಾಗೆ ಹೊಂದಿಸಿ ಕಳಿಸುತ್ತಾರೆ. ರಾಯಚೂರಿನ ಮೇ ತಿಂಗಳಿಗೂ ಅದೇ, ನಮ್ಮ ಡಿಸೆಂಬರಿಗೂ ಅದೇ. ನನ್ನ ರೂಮಿನಲ್ಲಿ ಆ ಹೊತ್ತಿಗೆ 18 ಡಿಗ್ರಿ. ಅಲ್ಲಿ 38 ಇದ್ದರೆ, ಅದೇ ಕೆಲಸಕ್ಕೆ, ಅದೇ ವೇಗಕ್ಕೆ ಇಲ್ಲಿನ ಪ್ರೊಸೆಸರ್ ಹೆಚ್ಚುಕಮ್ಮಿ 20 ಡಿಗ್ರಿ ತಣ್ಣಗಿರುತ್ತದೆ. ನಾವು ಸೀಲಿಂಗ್ ಫ್ಯಾನೇ ಹಾಕದೆ ಕಂಬಳಿ ಹೊದ್ದು ಕೂತಿರುವಾಗ ಇದೊಂದು ಯಾಕೆ ಹೀಗೆ ಬೀಸಿಕೊಳ್ಳಬೇಕು?

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿದರೆ ನನ್ನದರಲ್ಲಿ ಬಯಾಸ್, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ, ತೆರೆಯುತ್ತದೆ. ಅದರೊಳಗೆ ಫ್ಯಾನ್ ಕಂಟ್ರೋಲ್ ಅಂತ ಉಂಟು. ಇಷ್ಟು ಬಿಸಿಗೆ ಇಷ್ಟು ವೇಗ ಅಂತ ನಾವೇ ಗೆರೆ ಎಳೆಯಬಹುದು. 60 ಡಿಗ್ರಿವರೆಗೆ ನಿಧಾನಕ್ಕೆ, ಅಲ್ಲಿಂದ 75ರವರೆಗೆ ಮೆಲ್ಲ ಏರಲಿ, ಆಮೇಲೆ ಬೇಕಾದರೆ ಕೂಗಲಿ ಅಂತ ಇಟ್ಟೆ. ಬಿಸಿ ಏರಿದ ತಕ್ಷಣ ಓಡಬೇಡ, ಕೆಲವು ಸೆಕೆಂಡು ಕಾದು ನೋಡು ಅನ್ನುವ ಸೆಟ್ಟಿಂಗೂ ಅಲ್ಲೇ ಇತ್ತು. ಏರಿಳಿತ ಅಲ್ಲಿಗೆ ನಿಂತಿತು. ಫ್ಯಾನಿನ ವೇಗ ಹೇಗೆ ಹಿಡಿತದಲ್ಲಿಡಬೇಕು ಅನ್ನುವುದನ್ನೂ ಅಲ್ಲೇ ಆರಿಸಬೇಕು: ವೈರಿನ ತುದಿ ನಾಲ್ಕು ಪಿನ್‌ನದಾದರೆ ಪಿಡಬ್ಲ್ಯೂಎಂ, ಮೂರು ಪಿನ್‌ನದಾದರೆ ಡಿಸಿ. ತಪ್ಪಿದರೆ ಮೂರು ಪಿನ್‌ನದು ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ.

ಸುಟ್ಟು ಹೋದರೆ ಅಂತ ನನಗೂ ಹೆದರಿಕೆ ಇತ್ತು. ಈಗಿನ ಪ್ರೊಸೆಸರ್‌ಗಳು ತಮ್ಮ ಮಿತಿ ಹತ್ತಿರ ಬಂದಾಗ ತಾವೇ ಕೆಲಸ ನಿಧಾನ ಮಾಡುತ್ತವೆ. ಹೆಚ್ಚಿನವಕ್ಕೆ ಆ ಮಿತಿ 90ರಿಂದ 100 ಡಿಗ್ರಿ ಆಸುಪಾಸು. ನನ್ನದು ಎಡಿಟ್ ಮುಗಿಸಿ ವಿಡಿಯೋ ಹೊರಗೆ ತೆಗೆಯುವಾಗಲೂ 72 ದಾಟಲಿಲ್ಲ.

ವೇಗ ಇಳಿಸುವುದರಲ್ಲೇ ಇಷ್ಟು ಲಾಭ ಯಾಕೆ ಅಂದರೆ, ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿ ಅರ್ಧ ಆಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧ ಆದ ಹಾಗೆ. ದೊಡ್ಡ ಫ್ಯಾನ್ ಮೇಲು ಅನ್ನುವುದೂ ಇದಕ್ಕೇ. ಹಿಂದಿದ್ದ 80 ಮಿಲಿಮೀಟರಿನದು ತೆಗೆದೆ. ಕ್ಯಾಬಿನೆಟ್ಟಿನಲ್ಲಿ 120ರದ್ದಕ್ಕೂ ತೂತುಗಳಿದ್ದವು, ಅದನ್ನೇ ಹಾಕಿದೆ. ಅದು ನಿಧಾನ ತಿರುಗಿಯೇ ಅಷ್ಟೇ ಗಾಳಿ ಎಳೆಯುತ್ತದೆ. ತಗಡು ಗುಂಯ್‌ಗುಡುವುದಕ್ಕೆ ಪಂಕ್ಚರ್ ಅಂಗಡಿಯ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕ್ಯಾಬಿನೆಟ್ ಕಾಲಿಗೆ ಇಟ್ಟೆ. ಖರ್ಚು ಸೊನ್ನೆ.

ಪವರ್ ಸಪ್ಲೈ ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಸದ್ದು ಬೇಡ ಅಂತ ಕ್ಯಾಬಿನೆಟ್ಟನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕುವವರೂ ಇದ್ದಾರೆ. ತನ್ನ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡು ಅದು ಇನ್ನೂ ಜೋರಾಗಿ ಕೂಗುತ್ತದೆ, ಅಷ್ಟೇ.

ಈಗ ರಾತ್ರಿ ಜೀರುಂಡೆ ಕೇಳಿಸುತ್ತದೆ. ಮೊನ್ನೆ ಹನ್ನೊಂದೂವರೆಗೆ ನಾಯಿ ಬೊಗಳಿದ್ದು, ಆಚೆ ಬಿದಿರು ಮುರಿದದ್ದು ಎರಡೂ ಕೇಳಿಸಿತು. ಲೈಟ್ ಹಾಕಿ, ಅಮ್ಮನನ್ನು ಎಬ್ಬಿಸಿದೆ. "ನಂಗೂ ಕೇಳ್ತು, ಬಾಗಿಲು ತೆಗೀಬೇಡ" ಅಂದರು.

ಈಗ ಉಳಿದಿರುವುದು ಹಾರ್ಡ್ ಡಿಸ್ಕಿನ ಕಟಕಟ. ಇಷ್ಟು ದಿನ ಫ್ಯಾನಿನಡಿ ಮುಚ್ಚಿಹೋಗಿತ್ತು. ಅದಕ್ಕೂ ಟ್ಯೂಬಿನ ಎರಡು ತುಂಡು ಇಟ್ಟಿದ್ದೇನೆ. ತಿರುಗುವ ಭಾಗವೇ ಇಲ್ಲದ, ಸದ್ದು ಮಾಡದ ಎಸ್‌ಎಸ್‌ಡಿ ತರುವುದು ಕಾಫಿ ಮಾರಿದ ಮೇಲೆ.