ಹಳದಿ ಬಳೆಯ ಸುದ್ದಿ
ಗಲ್ಫಿನಿಂದ ರಜೆಗೆ ಬಂದ ತಮ್ಮ ನಮ್ಮ ಬದಿಯಡ್ಕದ ಮನೆಗೆ ಒಂದು ಮಾತಾಡುವ ಡಬ್ಬಿ, ಅದೇ ಸ್ಮಾರ್ಟ್ ಸ್ಪೀಕರ್, ತಂದಿಟ್ಟು ಹೋದ. ಕಂಪನಿ ಹೆಸರು ಬೇಡ ಬಿಡಿ. ಅದಕ್ಕೆ ಹಿಂದಿ, ಇಂಗ್ಲಿಷ್ ಬರುತ್ತದೆ. ಅಮ್ಮನಿಗೆ ಕನ್ನಡ, ತುಳು, ಪೇಟೆಗೆ ಹೋಗಿ ಬರುವಷ್ಟು ಮಲಯಾಳ. ಇಬ್ಬರದೂ ಸೇರಿ ಭಾಷೆ ಐದು, ಮಾತುಕತೆ ಸೊನ್ನೆ.

ಕೇಳಿದ್ದಕ್ಕೆ ಉತ್ತರ ಕೊಡದಿದ್ದರೂ ಪರವಾಗಿಲ್ಲ, ಹಿನ್ನೆಲೆಯಲ್ಲಿ ಕೂತು ತಾನು ಮಾಡಿದ ಕೆಲಸದ ವರದಿ ಒಪ್ಪಿಸುವ ಚಟ ಇದೆಯಲ್ಲ, ಅದೇ ಕಷ್ಟ. ಪಾರ್ಸೆಲ್ ಹೊರಟಿತು, ಪಾರ್ಸೆಲ್ ಬಂತು. ಸುದ್ದಿ ಇದ್ದರೆ ಹಳದಿ ಬೆಳಕಿನ ಬಳೆ ಮಿನುಗುತ್ತದೆ, ಏನು ಅಂತ ನಾವು ಕೇಳುವವರೆಗೂ. ಒಂದು ರಾತ್ರಿ ಹಾಗೇ ಮಿನುಗುತ್ತಿದ್ದದ್ದನ್ನು ನೋಡಿ ಅಮ್ಮ, ಎಲ್ಲೋ ಶಾರ್ಟ್ ಆಗಿದೆ ಎಂದು ಮೈನ್ ಸ್ವಿಚ್ಚೇ ಆಫ್ ಮಾಡಿ ಮಲಗಿದರು. ಬೆಳಿಗ್ಗೆ ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಉಕ್ಕಿ ಪಾತ್ರೆಯ ಹೊರಗೆ. ಪಕ್ಕದ ಮನೆ ಹುಡುಗನನ್ನು ಕರೆಸಿ ಸುದ್ದಿ ಏನೆಂದು ಕೇಳಿಸಿದೆವು. ಹೋದ ತಿಂಗಳು ತರಿಸಿದ ಟಾರ್ಚಿಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ!

'ಡು ನಾಟ್ ಡಿಸ್ಟರ್ಬ್' ಹಾಕು ಎಂದ ತಮ್ಮ. ಹಾಕಿದೆ. ಅಲಾರಂ, ಟೈಮರ್ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಉಳಿದದ್ದಕ್ಕೆ ಒಂದೊಂದಕ್ಕೂ ಬೇರೆ ಬೇರೆ ಬಟನ್, ಅದೂ ಫೋನಿನೊಳಗೆ ನಾಲ್ಕು ಬಾಗಿಲು ದಾಟಿದ ಮೇಲೆ. ಒಟ್ಟಿಗೆ ಬಾಯಿ ಮುಚ್ಚಿಸುವ ಬಟನ್ ನನಗಂತೂ ಸಿಗಲಿಲ್ಲ.

ಬಾರದ ಭಾಷೆಯಲ್ಲಿ ನೋಟಿಸ್ ಬರುವುದು ಕಾಸರಗೋಡಿನ ಕನ್ನಡಿಗರಿಗೇನೂ ಹೊಸದಲ್ಲ, 1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಸೇರಿದಂದಿನಿಂದ ಅಭ್ಯಾಸ ಆಗಿದೆ. ಅಮ್ಮನ ಹೆಸರಿಗೆ ಬರುವ ಮಲಯಾಳದ ಕಾಗದ ಓದಿ ಹೇಳುವುದೂ ಇದೇ ಹುಡುಗ. ಈಗ ಡಬ್ಬಿಯ ಡ್ಯೂಟಿಯೂ ಅವನ ತಲೆಗೇ ಬಿತ್ತು, ಅಷ್ಟೇ.

ಹೀಗೆ ಹಿನ್ನೆಲೆಯಲ್ಲಿ ಓಡುವ ಕೆಲಸ ಅಂದಾಗ ನೆನಪಾಯಿತು. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗ ಈಗಿನ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ತಕರಾರು ನೋಡಲು ಕೂತ ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಆ ಟಾಸ್ಕ್ ಇನ್ನೂ ಬ್ಯಾಕ್‌ಗ್ರೌಂಡಿನಲ್ಲೇ ಇದೆ. ಮುಗಿಯಿತು ಅಂತಲೂ ಇಲ್ಲ, ಫೇಲ್ ಆಯಿತು ಅಂತಲೂ ಇಲ್ಲ. ಟಾರ್ಚಿಗೆ ಮಿನುಗುವ ಬಳೆ ಇದಕ್ಕೆ ಒಂದು ಸಲವಾದರೂ ಮಿನುಗಬೇಡವಾ?

ಮೊನ್ನೆ ತಡೆಯಲಾರದೆ ಡಬ್ಬಿಯ ಮುಂದೆ ನಿಂತು, ಅದರ ಹೆಸರು ಹಿಡಿದು ಕರೆದು, "ಮಹಾಜನ ವರದಿ ಎಲ್ಲಿಗೆ ಬಂತು?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಎರಡು ಸೆಕೆಂಡ್ ಸುಮ್ಮನಿತ್ತು. ಆಮೇಲೆ ಒಂದು ಹಿಂದಿ ಭಜನೆ ಹಾಕಿತು.

ಅಮ್ಮ ಒಳಗಿನಿಂದಲೇ ಕೈ ಮುಗಿದರು.