ಮಾಜಿ ಮುಖ್ಯಮಂತ್ರಿಗೂ ಒಬ್ಬ ಬಾಸ್

2022ರ ಫೆಬ್ರವರಿಯಲ್ಲಿ ಗ್ಲಾಡಿಸ್ ಬೆರೆಜಿಕ್ಲಿಯನ್ ಆಪ್ಟಸ್ ಟೆಲಿಫೋನ್ ಕಂಪನಿಗೆ ಸೇರುತ್ತಾರೆ ಅನ್ನೋ ಸುದ್ದಿ ಬಂತು. ಅದಕ್ಕೆ ನಾಲ್ಕು ತಿಂಗಳ ಹಿಂದಿನವರೆಗೂ ಅವರು ನಾನಿರುವ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಮಂಡ್ಯದಲ್ಲಿರುವ ನಮ್ಮ ಸೋದರಮಾವನಿಗೆ ಫೋನಿನಲ್ಲಿ ಹೇಳಿದರೆ ಅವರು ನಂಬಲೇ ಇಲ್ಲ. “ಅಲ್ಲ ಕಣೋ, ಮುಖ್ಯಮಂತ್ರಿ ಆಗಿದ್ದ ಆಯಮ್ಮ ಕಂಪನೀಲಿ ಸಂಬಳಕ್ಕೆ ಸೇರ್ಕಂಡ್ಳಾ? ಅಂಥ ಬಡತನ ಏನ್ ಬಂದಿತ್ತು?” ಅಂದರು.

ಮಾವ ಕೇಳಿದ್ದು ತಪ್ಪಲ್ಲ. ಅವರು ಕಂಡ ಮಾಜಿಗಳೇ ಬೇರೆ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಸ್ಥಾನ ಬಿಟ್ಟ ಮೇಲೆ ಮಹಾರಾಷ್ಟ್ರದ ರಾಜ್ಯಪಾಲರಾದರು, ಆಮೇಲೆ ವಿದೇಶಾಂಗ ಸಚಿವರಾದರು. ಜಗದೀಶ ಶೆಟ್ಟರ್ 2023ರಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋಗಿ, ಮರುವರ್ಷ ವಾಪಸ್ ಬಂದು ಬೆಳಗಾವಿಯ ಸಂಸದರಾದರು. ಬಸವರಾಜ ಬೊಮ್ಮಾಯಿ ಎಂಜಿನಿಯರ್, ರಾಜಕೀಯಕ್ಕೆ ಬರುವ ಮುಂಚೆ ಪುಣೆಯಲ್ಲಿ ಟಾಟಾ ಮೋಟಾರ್ಸ್‌ನಲ್ಲಿ ಕೆಲಸ ಮಾಡಿದವರು. ಪಕ್ಷ ಸೋತು ಅಧಿಕಾರ ಹೋದ ಮೇಲೆ ಅವರು ಟಾಟಾ ಮೋಟಾರ್ಸ್‌ಗೆ ವಾಪಸ್ ಹೋಗಬಹುದು ಅಂತ ಯಾರಾದರೂ ಅಂದುಕೊಂಡಿದ್ದರಾ? ಅವರು ಹಾವೇರಿಯಿಂದ ಲೋಕಸಭೆಗೆ ಹೋದರು. ನಮ್ಮಲ್ಲಿ ರಾಜಕೀಯದಿಂದ ಹೊರಗೆ ಹೋಗುವ ಬಾಗಿಲೇ ಇಲ್ಲ.

ಇಲ್ಲಿ ಹಾಗೆ ಹೊರಗೆ ಹೋಗುವುದು ಮಾಮೂಲಿ. ಗ್ಲಾಡಿಸ್‌ಗಿಂತ ಮೊದಲಿದ್ದ ಮೈಕ್ ಬೇರ್ಡ್ ಮೂಲತಃ ಬ್ಯಾಂಕಿನವರು. 2007ರಲ್ಲಿ ಮ್ಯಾನ್ಲಿ ಕ್ಷೇತ್ರದಿಂದ ಗೆದ್ದರು, 2014ರಲ್ಲಿ ಪ್ರೀಮಿಯರ್ ಆದರು, 2017ರ ಜನವರಿಯಲ್ಲಿ ಸಾಕು ಅಂತ ಎದ್ದು ಹೋಗಿ ನ್ಯಾಷನಲ್ ಆಸ್ಟ್ರೇಲಿಯಾ ಬ್ಯಾಂಕ್ ಸೇರಿದರು. ಆಮೇಲೆ ವೃದ್ಧರ ಆರೈಕೆ ಮಾಡುವ ಹ್ಯಾಮಂಡ್‌ಕೇರ್ ಸಂಸ್ಥೆಯ ಮುಖ್ಯಸ್ಥರಾದರು. ಹತ್ತು ವರ್ಷ ಪ್ರೀಮಿಯರ್ ಆಗಿದ್ದ ಬಾಬ್ ಕಾರ್ 2005ರಲ್ಲಿ ರಾಜೀನಾಮೆ ಕೊಟ್ಟು ಅದೇ ವರ್ಷ ಮ್ಯಾಕ್ವಾರಿ ಬ್ಯಾಂಕಿನ ಸಲಹೆಗಾರರಾದರು. ಆ ಬ್ಯಾಂಕಿನ ಗುಂಪು ಸಿಡ್ನಿಯ ಟೋಲ್ ರಸ್ತೆಗಳಲ್ಲಿ ಹಣ ಹೂಡಿತ್ತು, ಹಾಗಾಗಿ ಟೀಕೆಯೂ ಬಂತು. ಬೇರ್ಡ್ ಥರದವರಿಗೆ ಇದಕ್ಕೆ ಸರಳವಾದ ಕಾರಣವೂ ಉಂಟು. ಈ ರಾಜ್ಯದಲ್ಲಿ 2007ರ ಚುನಾವಣೆಯಿಂದೀಚೆಗೆ ಹೊಸದಾಗಿ ಗೆದ್ದ ಶಾಸಕರಿಗೆ ಹಳೆಯ ಥರದ ಜೀವನಪೂರ್ತಿ ಪಿಂಚಣಿ ಇಲ್ಲ. ಐವತ್ತು ದಾಟುವ ಹೊತ್ತಿಗೆ ಅಧಿಕಾರ ಹೋದರೆ ದುಡಿಯಲೇಬೇಕು.

ಗ್ಲಾಡಿಸ್ ಕಥೆ ಮಾತ್ರ ಅಷ್ಟು ಸಲೀಸಲ್ಲ. ಅವರು ಅರ್ಮೇನಿಯನ್ ವಲಸಿಗರ ಮಗಳು, ಶಾಲೆಗೆ ಹೋಗುವವರೆಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಕಾಮನ್‌ವೆಲ್ತ್ ಬ್ಯಾಂಕಿನಲ್ಲಿ ಕೆಲಸ ಮಾಡಿ, 2003ರಲ್ಲಿ ವಿಲ್ಲೋಬಿ ಕ್ಷೇತ್ರವನ್ನು ಬರೀ 144 ಮತಗಳಿಂದ ಗೆದ್ದವರು. ಇವತ್ತು ನಾವು ರೈಲು ಹತ್ತಲು ತೋರಿಸುವ ಓಪಲ್ ಕಾರ್ಡ್ ಅವರು ಸಾರಿಗೆ ಸಚಿವೆಯಾಗಿದ್ದಾಗ ಬಂದದ್ದು. ಕೋವಿಡ್ ಹೊತ್ತಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಟಿವಿಯಲ್ಲಿ ಅವರ ಮುಖ ಕಾಣದೆ ದಿನ ಶುರುವಾಗುತ್ತಿರಲಿಲ್ಲ. 2021ರಲ್ಲಿ ಸಿಡ್ನಿಯ ಪಶ್ಚಿಮಕ್ಕಿರುವ ಪ್ಯಾರಮಟ್ಟ, ಬ್ಲ್ಯಾಕ್‌ಟೌನ್, ಕಂಬರ್‌ಲ್ಯಾಂಡ್ ಕಡೆಯ ನಮ್ಮಂಥವರಿಗೆ ರಾತ್ರಿ ಕರ್ಫ್ಯೂ ಹಾಕಿ ಸಮುದ್ರದ ಕಡೆಯವರನ್ನು ಸ್ವಲ್ಪ ಸಡಿಲ ಬಿಟ್ಟರು ಅಂತ ನನಗೆ ಈಗಲೂ ಸಿಟ್ಟಿದೆ. ಆದರೂ ಕೆಲಸಗಾರ್ತಿ ಅನ್ನೋದರಲ್ಲಿ ಅನುಮಾನ ಇಲ್ಲ.

ಅವರನ್ನು ಕೆಳಗಿಳಿಸಿದ್ದು ಐಕ್ಯಾಕ್, ನಮ್ಮ ಲೋಕಾಯುಕ್ತದ ಥರದ ಸಂಸ್ಥೆ. ವಾಗಾ ವಾಗಾದ ಶಾಸಕ ಡ್ಯಾರಿಲ್ ಮ್ಯಾಗ್ವೈರ್ ಜೊತೆ ಅವರಿಗೆ ವರ್ಷಗಟ್ಟಲೆ ಗುಟ್ಟಿನ ಸಂಬಂಧ ಇತ್ತು. ಆತ ಹಠ ಹಿಡಿದಿದ್ದ, ಬಂದೂಕಿನಿಂದ ಗುರಿ ಹೊಡೆಯುವ ಶೂಟಿಂಗ್ ಕ್ಲಬ್ಬಿನ ಯೋಜನೆಗೆ 55 ಲಕ್ಷ ಡಾಲರ್ ಸರ್ಕಾರಿ ಹಣ ಮಂಜೂರಾದಾಗ ಇವರು ಆ ಸಂಬಂಧವನ್ನು ಹೇಳಲಿಲ್ಲ ಅನ್ನೋದು ಒಂದು ಮುಖ್ಯ ಆರೋಪ. ತನಿಖೆ ಘೋಷಣೆಯಾದ ದಿನವೇ, 2021ರ ಅಕ್ಟೋಬರ್ 1ರಂದು, ರಾಜೀನಾಮೆ ಹೇಳಿದರು. 2023ರ ಜೂನ್‌ನಲ್ಲಿ ಐಕ್ಯಾಕ್ ‘ಗಂಭೀರ ಭ್ರಷ್ಟ ನಡವಳಿಕೆ’ ಅಂತ ವರದಿ ಕೊಟ್ಟಿತು. ಅವರ ಮೇಲೆ ಕ್ರಿಮಿನಲ್ ಕೇಸಿಗೆ ಶಿಫಾರಸು ಮಾಡಲಿಲ್ಲ. ತಾನು ತಪ್ಪು ಮಾಡಿಲ್ಲ ಅಂತಲೇ ಅವರು ವಾದಿಸಿದರು. 2024ರ ಜುಲೈನಲ್ಲಿ ಮೇಲ್ಮನವಿ ಕೋರ್ಟು ಇಬ್ಬರಿಗೆ ಒಬ್ಬರ ಬಹುಮತದಿಂದ ಅವರ ಅರ್ಜಿ ತಳ್ಳಿಹಾಕಿತು.

ನನ್ನನ್ನು ಚುಚ್ಚುವುದು ಇದರ ಮುಂದಿನ ಭಾಗ. ತನಿಖೆ ನಡೆಯುತ್ತಿದ್ದಾಗಲೇ ಆಪ್ಟಸ್ ಅವರಿಗೆ ಕೆಲಸ ಕೊಟ್ಟಿತು. ದೊಡ್ಡ ಕಂಪನಿಗಳಿಗೆ, ಸಂಸ್ಥೆಗಳಿಗೆ ಸೇವೆ ಮಾರುವ ವಿಭಾಗದ ಮುಖ್ಯಸ್ಥೆ ಮಾಡಿತು. ವರದಿ ಬಂದ ಮೇಲೂ ತೆಗೆಯಲಿಲ್ಲ. 2023ರ ನವೆಂಬರ್ 8ರಂದು ದೇಶದುದ್ದಕ್ಕೂ ಆಪ್ಟಸ್ ನೆಟ್‌ವರ್ಕ್ ಬಿದ್ದು ಸುಮಾರು ಒಂದು ಕೋಟಿ ಜನರ ಫೋನು, ಇಂಟರ್‌ನೆಟ್ ನಿಂತಾಗ ಸಿಇಒ ಕುರ್ಚಿ ಖಾಲಿಯಾಯಿತು. ಮುಂದಿನ ಸಿಇಒ ಗ್ಲಾಡಿಸ್ ಇರಬಹುದಾ ಅಂತ ಪತ್ರಿಕೆಗಳು ಬರೆದವು. ಕೊನೆಗೆ ಬೇರೆಯವರು ಬಂದರು. ಟೆಲಿಕಾಂನಲ್ಲಿ ಹಿಂದಿನ ಅನುಭವ ಇಲ್ಲದವರನ್ನು ಇಷ್ಟು ದೊಡ್ಡ ಸಂಬಳಕ್ಕೆ ಕರೆಯುವುದು ಯಾಕೆ? ಆಡಳಿತದ ಅನುಭವ, ಸರಿ. ಆದರೆ ಅವರು ಫೋನ್ ಮಾಡಿದರೆ ಯಾರೂ ಎತ್ತದೇ ಇರಲ್ಲ ಅನ್ನೋದಕ್ಕೂ ಬೆಲೆ ಇದೆ ಅಲ್ವಾ?

ಇಲ್ಲಿ ನಿಯಮ ಇಲ್ಲ ಅಂತಲ್ಲ. ಮಂತ್ರಿಯಾಗಿದ್ದವರು ಹದಿನೆಂಟು ತಿಂಗಳೊಳಗೆ ತಮ್ಮ ಖಾತೆಗೆ ಸಂಬಂಧಪಟ್ಟ ಕೆಲಸ ಹಿಡಿಯುವ ಮುಂಚೆ ಪಾರ್ಲಿಮೆಂಟಿನ ನೀತಿ ಸಲಹೆಗಾರರನ್ನು ಕೇಳಬೇಕು. ಆದರೆ ಸಲಹೆ ಸಲಹೆಯೇ, ತಡೆಯಲ್ಲ.

ಇಷ್ಟೆಲ್ಲ ಬೈದೂ, ಎರಡರಲ್ಲಿ ಒಂದು ಆರಿಸು ಅಂದರೆ ನಾನು ಇಲ್ಲಿನದನ್ನೇ ಆರಿಸುತ್ತೇನೆ. ಇಲ್ಲಿ ಅಧಿಕಾರ ಮುಗಿದ ಮೇಲೆ ವ್ಯಾಪಾರ. ನಮ್ಮಲ್ಲಿ ಎರಡೂ ಒಟ್ಟಿಗೆ. ವಿಜಯ್ ಮಲ್ಯ 2002ರಲ್ಲಿ, 2010ರಲ್ಲಿ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದರು. ಅವರು ಅಲ್ಲಿ ಕೂತಿದ್ದಾಗಲೇ ಕಿಂಗ್‌ಫಿಷರ್ ವಿಮಾನಗಳು ಹಾರುತ್ತಿದ್ದವು, 2012ರಲ್ಲಿ ನಿಂತವು. 2023ರಲ್ಲಿ ಗೆದ್ದ ನಮ್ಮ ಶಾಸಕರಲ್ಲಿ ನೂರಕ್ಕೆ 97 ಜನ ಕೋಟ್ಯಧಿಪತಿಗಳು ಅಂತ, ಅಭ್ಯರ್ಥಿಗಳ ಆಸ್ತಿ ವಿವರ ಪರಿಶೀಲಿಸುವ ಎಡಿಆರ್ ಸಂಸ್ಥೆ ಲೆಕ್ಕ ಹಾಕಿತ್ತು. ಸಕ್ಕರೆ ಕಾರ್ಖಾನೆ, ಎಂಜಿನಿಯರಿಂಗ್ ಕಾಲೇಜು, ಲೇಔಟು. ಕಬ್ಬಿನ ಬೆಲೆಯ ಸಭೆಯಲ್ಲಿ ಮೇಜಿನ ಎರಡೂ ಕಡೆ ಯಾರು ಕೂತಿರುತ್ತಾರೆ ಅಂತ ರೈತರನ್ನೇ ಕೇಳಿ. ಬರೀ ಕಂಪನಿ ಕಟ್ಟಿದ ಹೆಸರಿನ ಮೇಲೆ ಮತ ಕೇಳಿದವರನ್ನು ಮಾತ್ರ ನಮ್ಮ ಜನ ಒಪ್ಪಲಿಲ್ಲ. ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ, ನಂದನ್ ನಿಲೇಕಣಿ 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಸೋತರು.

ಹಾಗಂತ ನಮ್ಮವರು ಎಕ್ಸಿಕ್ಯುಟಿವ್ ಆಗೋದೇ ಇಲ್ಲ ಅನ್ನಬೇಡಿ. ಮಂತ್ರಿಗಿರಿ ಸಿಗದೆ ಮುನಿಸಿಕೊಂಡವರಿಗೆ ನಿಗಮ ಮಂಡಳಿ ಇದೆಯಲ್ಲ! ಸಂದರ್ಶನ ಇಲ್ಲ, ಆ ಧಂದೆಯ ಅನುಭವ ಬೇಕಿಲ್ಲ. ಕಾರು, ಕಚೇರಿ, ಎಷ್ಟೋ ಸಲ ಸಂಪುಟ ದರ್ಜೆಯೂ ಉಂಟು. ನಷ್ಟವಾದರೆ ಕೇಳುವ ಬಾಸ್ ಮಾತ್ರ ಇಲ್ಲ. ಗ್ಲಾಡಿಸ್‌ಗೆ ಮೇಲೊಬ್ಬ ಸಿಇಒ ಇದ್ದರು, ಸಿಇಒ ಮೇಲೆ ಸಿಂಗಾಪುರದ ಮಾಲೀಕ ಕಂಪನಿ ಇತ್ತು.

ಪ್ಯಾರಮಟ್ಟದ ನನ್ನ ಗೆಳೆಯನಿಗೆ ಇದು ಸಮಾಧಾನ ತರಲ್ಲ. “ಸುಮ್ನೆ ಹೊಗಳಬೇಡ ಮಾರಾಯ. ಇವರದು ಸೂಟು ಹಾಕಿಕೊಂಡ ನಿಗಮ ಮಂಡಳಿ, ಅಷ್ಟೇ” ಅಂತಾನೆ. ಆದರೆ ಇಲ್ಲಿ ಯಾರು, ಯಾವಾಗ, ಯಾವ ಕಂಪನಿಗೆ, ಯಾವ ಹುದ್ದೆಗೆ ಹೋದರು ಅನ್ನೋದು ಪೇಪರಿನಲ್ಲಿ ಬರುತ್ತೆ. ಅದನ್ನು ಹಿಡಿದು ಜಗಳ ಆಡಬಹುದು. ಹೆಂಡತಿ, ಭಾಮೈದನ ಹೆಸರಿನಲ್ಲಿರುವ ಟ್ರಸ್ಟಿನ ಜೊತೆ ಹೇಗೆ ಜಗಳ ಆಡೋದು?

ನಮ್ಮಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಖಾಸಗಿ ಕಂಪನಿ ಸೇರಬೇಕಾದರೆ ಒಂದು ವರ್ಷ ಕಾಯಬೇಕು, ಇಲ್ಲಾಂದ್ರೆ ಸರ್ಕಾರದ ಒಪ್ಪಿಗೆ ಪಡೆಯಬೇಕು. ಆ ಅಧಿಕಾರಿಯ ಫೈಲಿಗೆ ಕೊನೆಯ ಸಹಿ ಹಾಕಿದ ಮಂತ್ರಿಗೆ ಅಂಥ ಯಾವ ನಿಯಮವೂ ಇಲ್ಲ. ಹದಿನೆಂಟು ತಿಂಗಳು ಬೇಡ, ಅಧಿಕಾರಿಗೆ ಇರುವ ಆ ಒಂದು ವರ್ಷವನ್ನೇ ಮಂತ್ರಿಗೂ ಅನ್ವಯಿಸಿದರೆ ನಮ್ಮ ವಿಧಾನಸೌಧದಲ್ಲಿ ಯಾರು ಮೊದಲು ಎದ್ದು ನಿಂತು ವಿರೋಧಿಸುತ್ತಾರೆ ಅಂತ ನೋಡುವ ಆಸೆ ನನಗೆ.