ಪೋಸ್ಟಿನ ದಿನಾಂಕ ನಂಬಬೇಡಿ

ಹಾರುವ ತಟ್ಟೆ ಕಂಡ ವರದಿಗಳ ಸೈಟೊಂದು ಅಸಲಿಯೋ, ಸಿನಿಮಾ ಪ್ರಚಾರಕ್ಕೆ ಕಟ್ಟಿದ ನಕಲಿಯೋ ಎಂಬ ಬಗ್ಗೆ ಲೇಖನವೊಂದು ಓದಿದೆ. ಸೈಟಿನಲ್ಲಿ ಹತ್ತು ವರ್ಷ ಹಳೆಯ ವರದಿಗಳಿವೆ, ಹಾಗಾಗಿ ಅಸಲಿ ಎನ್ನುತ್ತದೆ ಅದು. ಪೋಸ್ಟಿಗೆ ಯಾವ ದಿನಾಂಕ ಬೇಕಾದರೂ ಹಾಕಬಹುದು ಸ್ವಾಮಿ! ಹೂಈಸ್ ಎಂಬ ನೋಂದಣಿ ದಾಖಲೆಯಲ್ಲಿ ಡೊಮೇನ್ (ಸೈಟಿನ ವಿಳಾಸ) ನೋಂದಣಿಯಾದ ದಿನ ನೋಡಿ. ಸಿನಿಮಾ ಬಿಡುಗಡೆಗೆ ಎರಡು-ಮೂರು ತಿಂಗಳು ಮುಂಚೆಯಾಗಿದ್ದರೆ ಅನುಮಾನಿಸಿ. ಹಳೇ ಡೊಮೇನ್ ಕೊಂಡು ಬಳಸುವವರೂ ಇದ್ದಾರೆ, ಅದಕ್ಕೆ ಹಳೆಯ ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಮೊದಲು ಅಲ್ಲೇನಿತ್ತು ಅಂತಲೂ ನೋಡಬೇಕು. ಆಮೇಲೆ ಪುಟದ ಸೋರ್ಸ್ ತೆರೆದು ಗೂಗಲ್ ಟ್ಯಾಗ್ ಮ್ಯಾನೇಜರ್ (ಸೈಟಿಗೆ ಟ್ರ್ಯಾಕಿಂಗ್ ಕೋಡ್ ಸೇರಿಸುವ ಸಾಧನ) ಐಡಿ ಹುಡುಕಿ. ಅದೇ ಐಡಿ ಜಾಹೀರಾತು ಏಜೆನ್ಸಿಯ ಬೇರೆ ಸೈಟಿನಲ್ಲಿ ಸಿಕ್ಕರೆ ಕಥೆ ಬಹುತೇಕ ಮುಗಿಯಿತು: ಸೈಟು ಅವರದ್ದೇ. ಸಿಗದಿದ್ದರೆ ಏನೂ ಸಾಬೀತಾಗುವುದಿಲ್ಲ.

2009ರಲ್ಲಿ ‘ದ ಫೋರ್ತ್ ಕೈಂಡ್’ ಸಿನಿಮಾದ ಪ್ರಚಾರಕ್ಕೆ ಅಲಾಸ್ಕಾ ಪತ್ರಿಕೆಗಳ ಹೆಸರಲ್ಲೇ ನಕಲಿ ಸುದ್ದಿ ಹಾಕಿದ್ದ ಯೂನಿವರ್ಸಲ್ ಸಿನಿಮಾ ಕಂಪನಿ, ಅಲ್ಲಿನ ಪ್ರೆಸ್ ಕ್ಲಬ್‌ಗೆ 20,000 ಡಾಲರ್ ಕೊಟ್ಟು ರಾಜಿಯಾಯಿತು. ಅಸಲಿ ವರದಿ ಸಂಗ್ರಹಗಳು ಬಲು ಬೋರು: ಶುಕ್ರಗ್ರಹ, ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು, ಬಲೂನು.